ಯಾದಗಿರಿ ಗುಡ್ಡದಲ್ಲಿ ಎರಡು ರಾತ್ರಿ: ಬ್ಯಾಗ್ 22 ಕೆಜಿ ಆಯ್ತು, ಆದರೂ ನೀರು ಸಾಲಲಿಲ್ಲ

ಶಹಾಬಾದಿ_ಕಲ್ಲು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಹೋದ ಮಾರ್ಚ್‌ನಲ್ಲಿ ನಾವು ಮೂವರು ಯಾದಗಿರಿ ಕಡೆಯ ಒಂದು ಗುಡ್ಡಕ್ಕೆ ಕಲ್ಲು ಹತ್ತಲು ಹೋಗಿದ್ದೆವು. ಎರಡು ರಾತ್ರಿ ಇರಬೇಕಿತ್ತು. ಮರುದಿನ ಮಧ್ಯಾಹ್ನವೇ ಇಳಿದು ಬಂದೆವು.

ಜೋರ್ಡಾನಿನ ವಾದಿ ರಮ್ ಮರುಭೂಮಿಗೆ ಹೋಗುವವರ ಸಾಮಾನಿನ ಪಟ್ಟಿ ಸಿಕ್ಕಿತ್ತು. ನಮ್ಮದೂ ಒಣ ನೆಲ ಅಲ್ವಾ ಅಂತ ಅದರಂತೆಯೇ ತುಂಬಿಕೊಂಡೆವು. ತಲೆಗೆ 22 ಕೆಜಿ. ಅದರಲ್ಲಿ ನೀರು ಆರು ಲೀಟರ್. ಗುಡ್ಡದ ಮೇಲಿನ ಬಂಡೆಯಲ್ಲಿ ಟೆಂಟ್ ಹಾಕಲು ಹೋದರೆ ಒಂದು ಗೂಟವೂ ಇಳಿಯಲಿಲ್ಲ. ಮರುದಿನ ಹನ್ನೊಂದಕ್ಕೆ ಒಬ್ಬನಿಗೆ ತಲೆನೋವು, ವಾಂತಿ. ನೀರು ಕುಡಿದಿದ್ದ, ಆದರೂ ಹೀಗಾಯಿತು. ಇನ್ನೊಬ್ಬನ ಕ್ಲೈಂಬಿಂಗ್ ಶೂ ಸೋಲ್ ಬಿಟ್ಟುಕೊಂಡಿತು. ಶೂ ಹೊಸದು, ಹಿಂದಿನ ದಿನವೆಲ್ಲ ಕಾರಿನಲ್ಲೇ ಇತ್ತು.

ಈ ಸಲ ಎಳ್ಳಮಾವಾಸ್ಯೆ ಮುಗಿಸಿ ಹೊರಡುವ ಆಸೆ ಇದೆ. ಏನು ಬಿಡಬೇಕು, ಏನು ಒಯ್ಯಬೇಕು?

ಭೀಮಾತೀರ (ಯಾದಗಿರಿ)

ಮೊದಲು ನಿಮ್ಮ ಗೆಳೆಯ ಚೆನ್ನಾಗಿದ್ದಾರೆ ತಾನೇ? ಆ ವಾಂತಿ ಬಿಸಿಲಿನ ಪೆಟ್ಟು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಬರೀ ನೀರು ಕುಡಿದರೆ ಅದು ತುಂಬುವುದಿಲ್ಲ. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲವೇ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ. ಚಮಚ ಮಟ್ಟಸವಾಗಿರಲಿ, ಗೋಪುರ ಬೇಡ.

ಈಗ ನೀರಿನ ಲೆಕ್ಕ ನೋಡ್ರಿ. ನಮ್ಮ ಬಿಸಿಲಲ್ಲಿ ಹತ್ತುವವರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ಮೂವರಿಗೆ ಎರಡು ದಿನ ಅಂದರೆ 30 ಲೀಟರ್, ಅಂದರೆ 30 ಕೆಜಿ. ಬೇರೆ ಸಾಮಾನು ಎಷ್ಟು ಕಡಿಮೆ ಮಾಡಿದರೂ ಇದು ಹೆಗಲ ಮೇಲೆ ಹೋಗುವ ಭಾರ ಅಲ್ಲ. ನನಗೆ ಕಾಣುವುದು ಇಷ್ಟೇ: ತಪ್ಪಿದ್ದು ಬ್ಯಾಗಲ್ಲ, ಬಿಡಾರದ ಜಾಗ. ಗುಡ್ಡದ ಬುಡದಲ್ಲಿ, ಗಾಡಿ ಬರುವಲ್ಲಿ ಇಳಿದುಕೊಳ್ಳಿ. 20 ಲೀಟರಿನ ಎರಡು ಕ್ಯಾನ್ ಅಲ್ಲೇ ನೆರಳಲ್ಲಿ ಇರಲಿ. ಒದ್ದೆ ಗೋಣಿಚೀಲ ಸುತ್ತಿದರೆ ನೀರು ತಣ್ಣಗಿರುತ್ತದೆ. ಮೇಲೆ ಹೋಗುವಾಗ ತಲೆಗೆ ಮೂರು ಲೀಟರ್ ಸಾಕು. ಹೊಲದ ಬದಿಯಾದರೆ ಹೊಲದವರನ್ನು ಕೇಳಿಯೇ ಇಳಿಯಿರಿ, ಅರಣ್ಯದ ಜಾಗವಾದರೆ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಗುಡ್ಡದಲ್ಲಿ ಹಳೆ ಕೋಟೆ ಇದ್ದರೆ ಅದರ ಗೋಡೆಯ ಮೇಲಂತೂ ಕೈ ಇಡಲೇಬೇಡಿ.

ವಾದಿ ರಮ್ ಪಟ್ಟಿ ಕೆಟ್ಟದ್ದೇನಲ್ಲ, ಆ ನೆಲ ಬೇರೆ. ಅಲ್ಲಿ ಕೆಳಗೆ ಮರಳು, ಮೇಲೆ ಮರಳುಗಲ್ಲು. ಮರಳಲ್ಲಿ ಗೂಟ ನಿಲ್ಲದೆ ಹೋದರೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂಳುತ್ತಾರೆ. ನಮ್ಮಲ್ಲಿ ದೊಡ್ಡ ಕಲ್ಲಿಗೆ ಹಗ್ಗ ಸುತ್ತಿದರೆ ಮುಗಿಯಿತು. ಮರಳುಗಲ್ಲು ಮಳೆಗೆ ನೆನೆದರೆ ಹಿಡಿತ ಮುರಿದು ಕೈಗೆ ಬರುತ್ತದೆ. ಬಾದಾಮಿಗೆ ಹೋದಾಗಲೂ ಇದು ನೆನಪಿರಲಿ, ಪೂರ್ತಿ ಒಣಗುವ ತನಕ ಹತ್ತಬಾರದು. ಯಾದಗಿರಿಯದು ಗ್ರಾನೈಟ್. ಗಟ್ಟಿ, ಆದರೆ ಹರಳು ಚೂಪು. ಎರಡನೇ ದಿನಕ್ಕೆ ಬೆರಳ ಚರ್ಮ ಕಿತ್ತು ಬರುತ್ತದೆ. ಅಂಟುಪಟ್ಟಿ ಎರಡು ಸುರುಳಿ ಬೇಕೇ ಬೇಕು.

ಶೂ ಹಾಳಾಗಿದ್ದು ಕಾರಿನ ಕಾವಿಗೆ ಅನಿಸುತ್ತದೆ. ಅಂಟು ಮೆತ್ತಗಾಗಿ ಸೋಲ್ ಬಿಡುತ್ತದೆ. ಸ್ಟವ್‌ನ ಗ್ಯಾಸ್ ಡಬ್ಬಿಯನ್ನೂ ಹಾಗೆ ಬಿಡಬೇಡಿ, 50 ಡಿಗ್ರಿ ದಾಟಿದರೆ ಅಪಾಯ. ನಾನಂತೂ ಸ್ಟವ್ ಒಯ್ಯುವುದನ್ನೇ ಬಿಟ್ಟೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಎರಡು ದಿನ ಕೆಡುವುದಿಲ್ಲ.

ಹತ್ತುವುದು ಬೆಳಿಗ್ಗೆ ಪಡುವಣ ಮುಖದಲ್ಲಿ, ಸಂಜೆ ಮೂಡಣ ಮುಖದಲ್ಲಿ. ನೆರಳು ಅಲ್ಲೇ ಇರುತ್ತದೆ. ಮಧ್ಯಾಹ್ನ ಸುಮ್ನೆ ಮಲಗಿ. ಅದಕ್ಕೆ ಟೆಂಟ್ ಬೇಡ, ಬಿಸಿಲಿಗೆ ಒಲೆಯಾಗುತ್ತದೆ. ನಾಲ್ಕು ಮೂಲೆಗೆ ಹಗ್ಗ ಕಟ್ಟಿದ ತಾಡಪತ್ರಿ ಸಾಕು. ಟೆಂಟ್ ಮನೆಯಲ್ಲೇ ಇರಲಿ.

ಬಿದರಿ_ಹೂಜಿ (ಬೀದರ್)

ಅಕ್ಕಾ, ಟೆಂಟ್ ವಿಷಯದಲ್ಲಿ ನನ್ನದು ಬೇರೆ ಮಾತು. ನಮ್ಮ ಬೀದರಿನ ಜಂಬಿಟ್ಟಿಗೆ ಕಲ್ಲು ಹತ್ತಲು ಬರುವುದಿಲ್ಲ, ಅದಕ್ಕೇ ನಾವೂ ಆ ಕಡೆಗೇ ಬರುತ್ತೇವೆ. ಕಲ್ಲು ಸಂದಿಯಲ್ಲಿ ಚೇಳು, ಗರಗಸ ಮಂಡಲ ಎಂಬ ವಿಷದ ಹಾವು ಎರಡೂ ಇರುತ್ತವೆ. ಮೇಲಿನ ಹೊದಿಕೆ ಬಿಟ್ಟು ಒಳಗಿನ ಜಾಲರಿ ಟೆಂಟ್ ಮಾತ್ರ ಒಯ್ಯಿರಿ. ಜಿಪ್ ಹಾಕಿಯೇ ಮಲಗಿ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಅಮಾವಾಸ್ಯೆ ಆಸುಪಾಸಿನ ಕತ್ತಲೆ, ತಲೆಗೆ ಕಟ್ಟುವ ಟಾರ್ಚಿಗೆ ಹೆಚ್ಚಿನ ಬ್ಯಾಟರಿ ಇರಲಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಏನೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ನೇರ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಮತ್ತೆ ಹೆಜ್ಜೇನು. ಚಾಚಿದ ಬಂಡೆಯ ಕೆಳಗೆ ಹುಟ್ಟು ಇದ್ದರೆ ಆ ಮುಖವನ್ನೇ ಬಿಟ್ಟುಬಿಡಿ.

ಭೀಮಾತೀರ

ಜಾಲರಿ ಮಾತು ಒಪ್ಪಿದೆ. ನಾನು ಹೇಳಿದ್ದು ಹಗಲಿಗೆ. ರಾತ್ರಿ ಮಲಗಲು ಜಾಲರಿ ಇರಲಿ.

ಶಹಾಬಾದಿ_ಕಲ್ಲು

ಗೆಳೆಯ ಆರಾಮಿದ್ದಾನೆ ಅಕ್ಕಾ. ನಿನ್ನೆ ಪರಿಚಯದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಮತ್ತೆ ತೂಗಿದೆ. ಮೇಲಕ್ಕೆ ಒಯ್ಯುವ ಬ್ಯಾಗ್ ನೀರು ಸೇರಿ 11 ಕೆಜಿ. ಸ್ಟವ್, ಟೆಂಟಿನ ಹೊದಿಕೆ, ಡಬ್ಬಿ ಊಟ ತೆಗೆದೆ. ಇನ್ನೆರಡು ಸಂಶಯ. 60 ಮೀಟರ್ ಹಗ್ಗವೇ 4 ಕೆಜಿ ಇದೆ, ಬೇಕಾ? ಸ್ಲೀಪಿಂಗ್ ಬ್ಯಾಗ್ ಬದಲು ಮನೆಯ ಕೌದಿ ನಡೆಯುತ್ತದಾ?

ಭೀಮಾತೀರ

ನೀವು ಹೋಗುವ ಬಂಡೆಗಳು 15 ಮೀಟರ್ ಒಳಗಿದ್ದರೆ, ಮೇಲಿಂದ ಹಗ್ಗ ಬಿಟ್ಟು ಹತ್ತಲು 40 ಮೀಟರ್ ಸಾಕು. ಸುಮಾರು 1.3 ಕೆಜಿ ಉಳಿಯುತ್ತದೆ. ತುದಿಗೆ ಗಂಟು ಹಾಕುವುದು ಮರೆಯಬೇಡಿ. ಮೇಲೆ ಎರಡು ಬೇರೆ ಬೇರೆ ಬಂಡೆಗೆ ಕಟ್ಟಿ, ಒಂದನ್ನೇ ನಂಬಬೇಡಿ. ಹಗ್ಗ ಅಂಚಿಗೆ ತಿಕ್ಕುವಲ್ಲಿ ಹಳೆ ಜೀನ್ಸ್ ತುಂಡು ಮಡಚಿ ಇಡಿ. ಗ್ರಾನೈಟ್ ಅಂಚು ಹಗ್ಗದ ಮೇಲ್ಪದರವನ್ನು ಬೇಗ ತಿನ್ನುತ್ತದೆ.

ಕೌದಿ ಧಾರಾಳ ನಡೆಯುತ್ತದೆ, ಬುಡದಲ್ಲೇ ಇರುತ್ತದಲ್ಲ. ಆದರೆ ಕೆಳಗೆ ಫೋಮ್ ಚಾಪೆ ಹಾಸಿ. ಬಂಡೆ ಸಂಜೆ ಬೆಚ್ಚಗಿರುತ್ತದೆ, ಬೆಳಗಿನ ಜಾವಕ್ಕೆ ಮೈಯ ಕಾವನ್ನೆಲ್ಲ ಎಳೆಯುತ್ತದೆ. ಹಬ್ಬದ ಭಜ್ಜಿ ತಂದರೆ ಮೊದಲ ದಿನ ಮಧ್ಯಾಹ್ನವೇ ಮುಗಿಸಿ. ಸಜ್ಜೆ ರೊಟ್ಟಿ ಎರಡನೇ ದಿನಕ್ಕೆ ಇರಲಿ.