ಅಪ್‌ಡೇಟ್: ಕಾರ್ಡ್ ಸಾಲದ ನಡುವೆ ದಿನಸಿ ಖರ್ಚು ಇಳಿಯಿತು

ಕ್ರೆಡಿಟ್ ಕಾರ್ಡ್ ಸಾಲ ಇರುವಾಗ ದಿನಸಿ ಖರ್ಚು ಇಳಿಸುವುದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಕೆಲಸಕ್ಕೆ ಬಂದದ್ದು ಬೆಂಗಳೂರಿನ ಸಗಟು ಮಾರುಕಟ್ಟೆ ಯಶವಂತಪುರ ಎಪಿಎಂಸಿ ಯಾರ್ಡ್‌ನಲ್ಲಿ ಕೊಳ್ಳುವ ಸಲಹೆ. ಪಕ್ಕದ ಮನೆಯವರ ಜೊತೆ ಸೇರಿ ಅಕ್ಕಿ, ತೊಗರಿಬೇಳೆಯನ್ನು ಮೂಟೆ ಲೆಕ್ಕದಲ್ಲಿ ತಂದು ಹಂಚಿಕೊಂಡೆವು. ಕೆ.ಆರ್. ಮಾರುಕಟ್ಟೆಯಿಂದ ವಾರದ ತರಕಾರಿ ತರುವುದು ಮಾತ್ರ ಆಗಿಬರಲಿಲ್ಲ. ಸೊಪ್ಪು ಬಾಡುತ್ತಿತ್ತು, ಆಟೋ ಖರ್ಚು ಬೇರೆ. ಹತ್ತಿರದ ಹಾಪ್‌ಕಾಮ್ಸ್ ತರಕಾರಿ ಅಂಗಡಿಯೇ ಸಾಕಾಯಿತು.

ನನಗೆ ಗೊತ್ತೇ ಇಲ್ಲದ ವಿಷಯವನ್ನು ಒಬ್ಬರು ಹೇಳಿದರು. ಬಿಲ್ ಪೂರ್ತಿ ಕಟ್ಟದೆ ಬಾಕಿ ಉಳಿಸಿದರೆ ಹೊಸ ಖರೀದಿಗೆ ಬಡ್ಡಿ ಇಲ್ಲದ ಅವಧಿ ಸಿಗುವುದಿಲ್ಲ. ಅಂದರೆ ಕಾರ್ಡ್ ಉಜ್ಜಿ ತಂದ ಬೇಳೆಗೂ ಅವತ್ತಿನಿಂದಲೇ ಬಡ್ಡಿ! ತಿಂಗಳಿಗೆ ಶೇ. 3ಕ್ಕಿಂತ ಜಾಸ್ತಿ ಇತ್ತು ನನ್ನ ಕಾರ್ಡಿನಲ್ಲಿ. ಈಗ ದಿನಸಿಗೆಲ್ಲ ನಗದು. ಕಾರ್ಡ್ ಬಿಲ್ಲಿನ ಕನಿಷ್ಠ ಮೊತ್ತವಷ್ಟೇ ಕಟ್ಟುತ್ತಿರುವವರು ದಯವಿಟ್ಟು ಮೊದಲು ಇದನ್ನೇ ನೋಡಿ. ಉಳಿಯುವ ದುಡ್ಡು ನೇರ ಬಾಕಿಗೆ ಹೋಗುತ್ತಿದೆ.