ಸಾಕು ಕುಟುಂಬಗಳೊಂದಿಗೆ ದುಡಿಯುವವರ ತರಬೇತಿ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ:
ತೀರ್ಥಹಳ್ಳಿ ಕಡೆಯ ಸಾಕು ಕುಟುಂಬಗಳನ್ನು (ಹೆತ್ತವರೊಂದಿಗೆ ಇರಲಾಗದ ಮಕ್ಕಳನ್ನು ತಮ್ಮ ಮನೆಯಲ್ಲಿ ಸಾಕುವ ಕುಟುಂಬಗಳನ್ನು) ಭೇಟಿ ಮಾಡುವ ನಮ್ಮ ಹೊಸ ಕಾರ್ಯಕರ್ತೆಯರಿಗೆ 2015ರ ಬಾಲ ನ್ಯಾಯ ಕಾಯ್ದೆ ಚೆನ್ನಾಗಿ ಗೊತ್ತು; ಆದರೆ ಕಡುಬನ್ನು ಹಾಸಿಗೆಯಡಿ ಬಚ್ಚಿಡುವ ಮಗುವಿನ ಬಗ್ಗೆ ಸಾಕುತಾಯಿ ಕೇಳಿದರೆ ಏನು ಹೇಳಬೇಕೆಂದು ತಿಳಿಯದು. ಅವರಿಗೆ ಮೊದಲು ಏನನ್ನು ಕಲಿಸಬೇಕು?

ಉತ್ತರ 1:
ಮೇಡಂ, ಅದು ಕಳ್ಳತನವಲ್ಲ, ಹಸಿವನ್ನು ಕಂಡ ಮಗು ತನ್ನನ್ನು ಕಾಪಾಡಿಕೊಳ್ಳುವ ರೀತಿ ಎಂಬುದನ್ನು ಮೊದಲು ಮನದಟ್ಟು ಮಾಡಿಸಿ. ಗದರಿಸದೆ, ಮಗುವಿನ ಕೈಗೆಟಕುವಂತೆ ಅವಲಕ್ಕಿಯನ್ನೋ ಬಾಳೆಹಣ್ಣನ್ನೋ ಸದಾ ಇಡುವಂತೆ ಸಾಕುತಾಯಿಗೆ ಹೇಳುವ ಮಾತುಕತೆಯನ್ನು ಅಭಿನಯಿಸಿಯೇ ಕಲಿಸಬೇಕು. ಉಪನ್ಯಾಸದಿಂದ ಅದು ಬರುವುದಿಲ್ಲ.

ಉತ್ತರ 2:
ಬೆಂಗಳೂರಿನ ನಿಮ್ಹಾನ್ಸ್‌ನ ‘ಸಂವಾದ್’ ಎಂಬ ಕಾರ್ಯಕ್ರಮವು ಮಕ್ಕಳ ರಕ್ಷಣಾ ಸಿಬ್ಬಂದಿಗೆ ತರಬೇತಿ ನೀಡುತ್ತದೆ, ವಿಚಾರಿಸಿ.

ಉತ್ತರ 3:
ಹೆತ್ತವರನ್ನೂ ತರಬೇತಿಯ ವಿಷಯವಾಗಿಸಿ. ಮಗುವಿನ ಹಿತಕ್ಕೆ ಒಳ್ಳೆಯದಲ್ಲವೆಂದು ಮಕ್ಕಳ ಕಲ್ಯಾಣ ಸಮಿತಿಗೆ ಅನಿಸದ ಹೊರತು ಅವರು ಮಗುವನ್ನು ಆಗಾಗ ಭೇಟಿ ಮಾಡಬಹುದೆಂದು ಕಾಯ್ದೆಯ 44ನೇ ಕಲಂ ಹೇಳುತ್ತದೆ. ಭೇಟಿಯ ರಾತ್ರಿ ಮಗು ಅತ್ತರೆ, ಅದು ಅಗಲಿಕೆಯ ದುಃಖವೋ ಭಯವೋ ಎಂದು ವಿಚಾರಿಸದೆ ವರದಿ ಬರೆಯಬಾರದು.