ಸಕ್ಕರೆ ಬಿಟ್ಟರೆ ಕೀಲಿನ ಊತ ಇಳಿಯುತ್ತಾ?

ಪ್ರಶ್ನೆ:
ನನಗೆ ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ಕಣಗಳೇ ಕೀಲುಗಳ ಮೇಲೆ ಬಿದ್ದು ಊದಿಸುವ ಕಾಯಿಲೆ) ಇದೆ. ಆ ಕೆರಳಿಕೆ ತಗ್ಗಿಸೋಕೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಸದ್ಯಕ್ಕೆ ಬೆಳಿಗ್ಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೂಡ. ಊದಿದ ಕೀಲಿನ ಜೀವಕೋಶಗಳು ವಿಪರೀತ ಗ್ಲೂಕೋಸ್ ತಿನ್ನುತ್ತವೆ ಅಂತ ಓದಿದೆ. ಹಾಗಾದ್ರೆ ಸಕ್ಕರೆ ಪೂರ್ತಿ ಬಿಟ್ಟು ಅವನ್ನು ಉಪವಾಸ ಕೆಡವಬಹುದಲ್ವಾ? ಇನ್ನೊಂದು, ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ ಸರಿಯಿದೆ, ಸಂಜೆ ಜಾಸ್ತಿ ಬರುತ್ತಿದೆ. ನನಗೆ ಮೊದಲಿಂದ ಡಯಾಬಿಟಿಸ್ ಇಲ್ಲ.

ಉತ್ತರ 1:
ನೀವು ಓದಿದ್ದು ನಿಜ. ನಾನು ಲ್ಯಾಬಿನಲ್ಲಿ ಕೀಲಿನ ನೀರು ಪರೀಕ್ಷೆ ಮಾಡುವವಳು, ಅದನ್ನು ಕಣ್ಣಾರೆ ನೋಡುತ್ತೇನೆ. ಚೆನ್ನಾಗಿರುವ ಕೀಲಿನ ನೀರು ತಿಳಿಯಾಗಿ, ಅಂಟಂಟಾಗಿ ಇರುತ್ತದೆ. ಸಿರಿಂಜಿನ ತುದಿಯಿಂದ ಬಿಟ್ಟರೆ ಎಳೆಯಾಗಿ ಇಳಿಯುತ್ತದೆ. ಉರಿಯೂತ ಇದ್ದರೆ ಮಬ್ಬು ಹಳದಿ, ತೊಟ್ಟು ತೊಟ್ಟಾಗಿ ಬೀಳುತ್ತದೆ. ಅದರಲ್ಲಿ ಗ್ಲೂಕೋಸ್ ರಕ್ತದಲ್ಲಿರುವುದಕ್ಕಿಂತ ಕಡಿಮೆ ಇರುತ್ತದೆ, ಗ್ಲೂಕೋಸ್ ಒಡೆದಾಗ ಉಳಿಯುವ ಲ್ಯಾಕ್ಟೇಟ್ ಜಾಸ್ತಿ. ಸ್ಯಾಂಪಲ್ ತಡವಾಗಿ ಬಂದರೆ ಗ್ಲೂಕೋಸ್ ಇನ್ನೂ ಇಳಿದಿರುತ್ತದೆ, ಯಾಕಂದ್ರೆ ಟ್ಯೂಬಿನೊಳಗೂ ಬಿಳಿ ರಕ್ತಕಣಗಳು ತಿನ್ನುತ್ತಲೇ ಇರುತ್ತವೆ. ಹಾಗೆ ತಿನ್ನುವುದನ್ನು ತಡೆಯುವ ಫ್ಲೋರೈಡ್ ಹಾಕಿದ ಟ್ಯೂಬಿನಲ್ಲೇ ಕಳಿಸಿ ಅಂತ ನಾವು ಹಟ ಹಿಡಿಯೋದು ಅದಕ್ಕೇ.

ಈ ಹಸಿವು ಯಾಕೆ? ಕೀಲಿನ ಒಳಪೊರೆಯ ಮೇಲ್ಪದರ ಸಾಮಾನ್ಯವಾಗಿ ಒಂದರಿಂದ ಮೂರು ಜೀವಕೋಶದಷ್ಟೇ ದಪ್ಪ. ಈ ಕಾಯಿಲೆಯಲ್ಲಿ ಅದು ದಪ್ಪಗಾಗಿ ಬೆಳೆಯುತ್ತದೆ, ಆದರೆ ಅಲ್ಲಿಗೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ. ಆಮ್ಲಜನಕ ಇದ್ದರೆ ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ (ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ) ಸಿಗುತ್ತದೆ, ಇಲ್ಲದಿದ್ದರೆ ಬರೀ 2. ಹಾಗಾಗಿ ಅದೇ ಕೆಲಸಕ್ಕೆ ಎಷ್ಟೋ ಪಟ್ಟು ಗ್ಲೂಕೋಸ್ ಬೇಕು. ಜೀವಕೋಶಗಳು ಗ್ಲೂಟ್-1 ಎಂಬ ಬಾಗಿಲುಗಳನ್ನು ಹೆಚ್ಚಿಸಿಕೊಂಡು ಅದನ್ನು ಎಳೆದುಕೊಳ್ಳುತ್ತವೆ. ಕೆರಳಿದ ರೋಗನಿರೋಧಕ ಕಣಗಳಂತೂ ಆಮ್ಲಜನಕ ಇದ್ದರೂ ಇದೇ ದಾರಿ ಹಿಡಿಯುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ಇದನ್ನು 1920ರ ದಶಕದಲ್ಲೇ ಜರ್ಮನಿಯ ವಿಜ್ಞಾನಿ ಆಟೋ ವಾರ್ಬರ್ಗ್ ಗುರುತಿಸಿದ್ದರು. ಗ್ಲೂಕೋಸನ್ನು ಹೋಲುವ ವಿಕಿರಣ ವಸ್ತು ಕೊಟ್ಟು ತೆಗೆಯುವ ಪೆಟ್ ಸ್ಕ್ಯಾನಿನಲ್ಲಿ ಊದಿದ ಕೀಲು ಹೊಳೆಯುವುದೂ ಇದರಿಂದಲೇ.

ಆದ್ರೆ ಉಪವಾಸ ಕೆಡವೋದು ಆಗದ ಮಾತು. ನೀವು ಸಕ್ಕರೆ ಬಿಟ್ಟರೂ ನಿಮ್ಮ ಲಿವರ್ ಸುಮ್ಮನಿರಲ್ಲ, ತಾನೇ ಗ್ಲೂಕೋಸ್ ತಯಾರಿಸಿ ರಕ್ತದ ಮಟ್ಟ ಕಾಯುತ್ತದೆ. ಇಲಿಗಳಲ್ಲಿ ಗ್ಲೂಕೋಸ್ ಬಳಕೆಯನ್ನೇ ತಡೆಯುವ 2-ಡಿಆಕ್ಸಿಗ್ಲೂಕೋಸ್ ಕೊಟ್ಟಾಗ ಕೀಲೂತ ತಗ್ಗಿದ್ದುಂಟು. ಆದರೆ ಮೆದುಳಿಗೂ ಕೆಂಪು ರಕ್ತಕಣಕ್ಕೂ ಅದೇ ಗ್ಲೂಕೋಸ್ ಬೇಕು, ಹಾಗಾಗಿ ಅದು ಈ ಕಾಯಿಲೆಗೆ ಔಷಧಿಯಾಗಿ ಬಂದಿಲ್ಲ. ಇಳಿಸಬೇಕಾದದ್ದು ಕೆರಳಿಕೆಯನ್ನು. ಅದು ತಗ್ಗಿದರೆ ಕೀಲಿನ ಹಸಿವೂ ತಗ್ಗುತ್ತದೆ. ದಯವಿಟ್ಟು ಮೆಥೋಟ್ರೆಕ್ಸೇಟ್ ನಿಲ್ಲಿಸಬೇಡಿ.

ಉತ್ತರ 2:
ನಾನು ಸಿಹಿ ಕಮ್ಮಿ ಮಾಡಿದ ಮೇಲೆ ಮಂಡಿ ನೋವು ನಿಜಕ್ಕೂ ಹಗುರಾಯ್ತು. ಇದಕ್ಕೇನಂತೀರಿ?

ಉತ್ತರ 1:
ಖುಷಿಯ ವಿಷಯ, ಮುಂದುವರಿಸಿ. ಸಿಹಿ ಕಮ್ಮಿ ಮಾಡಿ ತೂಕ ಇಳಿದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ, ಕೊಬ್ಬಿನಿಂದ ಹೊರಡುವ ಉರಿಯೂತದ ಸಂಕೇತಗಳೂ ಕಮ್ಮಿಯಾಗುತ್ತವೆ. ಔಷಧಿಯ ಜೊತೆಗೆ ಮಾಡಿದರೆ ಲಾಭವೇ. ಔಷಧಿ ಬಿಟ್ಟು ಮಾಡಿದರೆ ಮೂಳೆ ಸವೆಯುತ್ತದೆ, ಸವೆದದ್ದು ವಾಪಸ್ ಬರಲ್ಲ. ನನಗೆ ಭಯ ಅದೊಂದೇ.

ಉತ್ತರ 3:
ಸಂಜೆಯ ಶುಗರ್ ಬಗ್ಗೆ ಹೇಳ್ತೀನಿ, ನಮ್ಮ ತಾಯಿಗೂ ಹೀಗೇ ಆಗಿತ್ತು. ಬೆಳಿಗ್ಗೆ ತಗೊಂಡ ಪ್ರೆಡ್ನಿಸೊಲೋನ್ ಮಧ್ಯಾಹ್ನದಿಂದ ಸಂಜೆವರೆಗೆ ಶುಗರ್ ಏರಿಸುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತದೆ. ಖಾಲಿ ಹೊಟ್ಟೆಯ ಟೆಸ್ಟ್ ಒಂದನ್ನೇ ನಂಬಿದರೆ ಗೊತ್ತೇ ಆಗಲ್ಲ. ಸಂಜೆಯ ಅಂಕಿಗಳನ್ನು ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ಮಾತ್ರ ನೀವೇ ತಟ್ಟನೆ ನಿಲ್ಲಿಸಬೇಡಿ.

ಉತ್ತರ 1:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೀಲಿನ ಉರಿಯೂತವೇ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ, ಉರಿಯೂತದ ಸಂಕೇತವಾದ ಟಿಎನ್‌ಎಫ್ ಅದರಲ್ಲಿ ಮುಖ್ಯ. ಅಂದರೆ ಕಾಯಿಲೆಯೂ ಶುಗರ್ ಏರಿಸುತ್ತದೆ, ಸ್ಟೀರಾಯ್ಡೂ ಏರಿಸುತ್ತದೆ. ನಿಮಗೆ ರಕ್ತಹೀನತೆ ಇದ್ದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಟೆಸ್ಟ್ ಆದ ಎಚ್‌ಬಿಎ1ಸಿ ತಪ್ಪು ಅಂದಾಜು ಕೊಡಬಹುದು, ಅದನ್ನೂ ಡಾಕ್ಟರ್ ಹತ್ತಿರ ಕೇಳಿ.